ಶೇ. 80ಕ್ಕೇ ನಿಲ್ಲುತ್ತಿದ್ದ ಚಾರ್ಜ್: ನನ್ನ ಅನುಭವ

ರಾತ್ರಿಯಿಡೀ ಚಾರ್ಜಿಗೆ ಹಾಕಿದರೂ ಬೆಳಿಗ್ಗೆ ನನ್ನ ಮೊಬೈಲು ಶೇ. 80ರಲ್ಲೇ ನಿಂತಿರುತ್ತಿತ್ತು. ಕೇಬಲ್ ಬದಲಿಸಿದೆ, ಚಾರ್ಜಿಂಗ್ ಪೋರ್ಟಿನಲ್ಲಿ ಸೇರಿದ್ದ ಧೂಳನ್ನು ಮರದ ಕಡ್ಡಿಯಿಂದ ಮೆಲ್ಲಗೆ ತೆಗೆದೆ, ಅಂಕಿ ಕದಲಲಿಲ್ಲ. ಹೊಸ ಬ್ಯಾಟರಿಗೆ ಹಣ ಸುರಿಯುವ ಮುನ್ನ ಸೆಟ್ಟಿಂಗ್ಸ್‌ನ ಬ್ಯಾಟರಿ ವಿಭಾಗವನ್ನು ತೆರೆದಾಗ, ಚಾರ್ಜನ್ನು ಶೇ. 80ಕ್ಕೆ ಮಿತಿಗೊಳಿಸುವ ಆಯ್ಕೆ ಆನ್ ಆಗಿರುವುದು ಕಂಡಿತು. ಆಫ್ ಮಾಡಿದ ಕೆಲವೇ ನಿಮಿಷಗಳಲ್ಲಿ ಅಂಕಿ 81ಕ್ಕೆ ಏರಿತು.

ಅದೇ ಪುಟದಲ್ಲಿ ಬ್ಯಾಟರಿಯ ಆರೋಗ್ಯ ಶೇ. 91 ಎಂದಿತ್ತು. ಇದು ಬೇರೆಯೇ ಲೆಕ್ಕ: ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಈಗ ಉಳಿದಿರುವ ಪಾಲು. ಲಿಥಿಯಂ ಅಯಾನ್ ಬ್ಯಾಟರಿಯು ಪೂರ್ತಿ ತುಂಬಿದ ಸ್ಥಿತಿಯಲ್ಲಿ, ಅದರಲ್ಲೂ ಬಿಸಿಯಾಗಿ, ಗಂಟೆಗಟ್ಟಲೆ ಉಳಿದರೆ ಈ ಪಾಲು ಬೇಗ ಕುಗ್ಗುವುದರಿಂದಲೇ ಆ ಮಿತಿಯನ್ನು ಇಟ್ಟಿರುತ್ತಾರೆ. ಹಾಗಾಗಿ ಅದನ್ನು ಮತ್ತೆ ಆನ್ ಮಾಡಿದ್ದೇನೆ. ದೂರ ಪ್ರಯಾಣದ ದಿನಗಳಲ್ಲಿ ಮಾತ್ರ ತೆಗೆಯುತ್ತೇನೆ.