ವಿಡಿಯೊ ಕರೆಗೆ ಮುಂಚಿನ ಕೆಲಸ

ಯಾದಗಿರಿ ಜಿಲ್ಲೆಯ ಗುರುಮಠಕಲ್ ಕಡೆಯ ಉಪಕೇಂದ್ರವೊಂದರಲ್ಲಿ ನಾನು ಸಮುದಾಯ ಆರೋಗ್ಯ ಅಧಿಕಾರಿ. ಸುತ್ತಲಿನ ಹಳ್ಳಿ, ತಾಂಡಾಗಳ ಬಿಪಿ, ಶುಗರ್ ರೋಗಿಗಳನ್ನು ಇ-ಸಂಜೀವಿನಿಯ ಮೂಲಕ ವೈದ್ಯರಿಗೆ ತೋರಿಸುತ್ತೇನೆ. ಕೇಂದ್ರ ಸರ್ಕಾರ 2019ರಲ್ಲಿ ಆರಂಭಿಸಿದ ಈ ವಿಡಿಯೊ ಸಮಾಲೋಚನೆ ಸೇವೆಯಲ್ಲಿ ರೋಗಿ, ನಾನು ಈ ತುದಿಯಲ್ಲಿ. ವೈದ್ಯರು ಆ ತುದಿಯಲ್ಲಿ. ಮಾತು ಕೆಲವೇ ನಿಮಿಷ. ಅದು ಕೆಲಸಕ್ಕೆ ಬರುವುದು ಅದಕ್ಕೂ ಮುಂಚೆ ಇಲ್ಲಿ ಏನು ನಡೆದಿದೆ ಎಂಬುದರ ಮೇಲೆ.

ಬಿಪಿಯನ್ನೇ ನೋಡಿ. ಬಿಸಿಲಲ್ಲಿ ನಡೆದು ಬಂದು, ಚಹಾ ಕುಡಿದು, ತಂಬಾಕು ಅಗಿಯುತ್ತಲೇ ತೋಳು ಚಾಚುವವರು ಬಹಳ. ಹಾಗೆ ಅಳೆದರೆ ಏರಿದ ಅಂಕಿ ಸಿಗಬಹುದು. ಪರದೆಯಾಚೆಯ ವೈದ್ಯರಿಗೆ ಕಾಣುವುದು ಅಂಕಿ ಮಾತ್ರ, ಮಾತ್ರೆ ಹೆಚ್ಚಿಸಿಬಿಡುತ್ತಾರೆ. ಅದಕ್ಕೇ ಬಾಯಿ ತೊಳೆಸಿ ಅರ್ಧ ಗಂಟೆ ಕಾಯಿಸುತ್ತೇನೆ. ಆಮೇಲೆ ಬೆನ್ನಿಗೆ ಆಸರೆ, ನೆಲಕ್ಕೆ ಊರಿದ ಪಾದ, ಎದೆಯ ಮಟ್ಟಕ್ಕೆ ತೋಳು, ಐದು ನಿಮಿಷ ಮೌನ. ಕಷ್ಟವೆಲ್ಲ ಮೌನದ್ದೇ! ತೊಗರಿ ದರ, ಮೊಮ್ಮಗಳ ಮದುವೆ ಎಲ್ಲವೂ ಆಗಲೇ ನೆನಪಾಗುತ್ತವೆ. “ಮುತ್ಯಾ, ಪಟ್ಟಿ ಬಿಚ್ಚಿದ ಮೇಲೆ ಹೇಳಿ” ಎನ್ನುತ್ತೇನೆ. ತಾಂಡಾದ ಕೆಲವು ಹಿರಿಯ ಹೆಂಗಸರಿಗೆ ಮೇಲ್ದೋಳಿನವರೆಗೂ ಬಳೆ. ಅವನ್ನು ತೆಗೆಸಲು ನನಗೆ ಮನಸ್ಸಿಲ್ಲ. ಮೊಣಕೈ ಕೆಳಗೆ ಅಳೆದು, ಹಾಗೆ ಅಳೆದಿದ್ದೇನೆಂದು ವೈದ್ಯರಿಗೆ ಮೊದಲೇ ತಿಳಿಸುತ್ತೇನೆ.

ಇನ್ನು ಮಾತ್ರೆಯ ಚೀಲ. “ಬೇರೇನಾದರೂ ಮಾತ್ರೆ ನುಂಗುತ್ತೀರಾ?” ಎಂದರೆ ಇಲ್ಲವೆಂಬ ಉತ್ತರ ಖಚಿತ. ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ತನ್ನಿ ಎಂದು ಆಶಾ ಕಾರ್ಯಕರ್ತೆಯ ಕೈಯಲ್ಲಿ ಹೇಳಿಕಳಿಸಿದರೆ, ಸೊಂಟನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೊಫೆನಾಕ್ ಹೊರಬೀಳುತ್ತದೆ. ಕಳೆ ತೆಗೆದು ಬಂದವರಿಗೆ ಅದು ಔಷಧವೇ ಅಲ್ಲ, ದಿನದ ಆಯಾಸಕ್ಕೆ ಪರಿಹಾರ. ಆದರೆ ಅದು ಬಿಪಿ ಏರಿಸುತ್ತದೆ, ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆ. ಆ ಮಾತ್ರೆಯ ಸ್ಟ್ರಿಪ್ಪನ್ನು ಕ್ಯಾಮೆರಾಕ್ಕೆ ಹಿಡಿದರೆ ಎಷ್ಟೋ ಸಲ ಸಮಾಲೋಚನೆಯ ದಿಕ್ಕೇ ಬದಲಾಗುತ್ತದೆ.

ಶುಗರ್ ಇರುವವರ ಪಾದದ ಜೋಮು ಕ್ಯಾಮೆರಾಕ್ಕೆ ಕಾಣದು. ಕಣ್ಣು ಮುಚ್ಚಿಸಿ, 10 ಗ್ರಾಂ ಒತ್ತಡಕ್ಕೆ ಬಾಗುವ ಮೊನೊಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಪಾದಕ್ಕೆ ಮುಟ್ಟಿಸಿ, ಮುಟ್ಟಿದ್ದು ತಿಳಿಯುತ್ತದೆಯೇ ಎಂದು ನಾನೇ ನೋಡಬೇಕು. ಎದೆನೋವು, ಸೊಟ್ಟಗಾದ ಬಾಯಿ, ತೊದಲುವ ಮಾತು ಇದ್ದರೆ ವಿಡಿಯೊ ಗೊಡವೆಯೇ ಬೇಡ, 108ಕ್ಕೆ ಕರೆ.

ನನಗೆ ಹೆಚ್ಚು ತಲೆನೋವು ತರುವುದು ನೆಟ್‌ವರ್ಕ್ ಅಲ್ಲ, ಗುಳೆ. ಸುಗ್ಗಿ ಮುಗಿದೊಡನೆ ಪುಣೆ, ಮುಂಬೈ, ಬೆಂಗಳೂರಿಗೆ ದುಡಿಯಲು ಹೊರಡುತ್ತಾರೆ. ಅಲ್ಲಿ ಮಾತ್ರೆ ಮುಗಿದರೆ ಬಿಟ್ಟೇಬಿಡುತ್ತಾರೆ. ಆದ್ದರಿಂದ ಹೊರಡುವವರ ಪಟ್ಟಿಯನ್ನು ಆಶಾ ಮೊದಲೇ ತರುತ್ತಾರೆ. ಹೆಚ್ಚು ದಿನದ ಮಾತ್ರೆಯನ್ನು ವೈದ್ಯರಿಂದ ಚೀಟಿಯಲ್ಲೇ ಬರೆಸಿಕೊಳ್ಳುತ್ತೇನೆ. ಹೋದವರ ನಂಬರ್ ಬದಲಾಗುತ್ತಿರುತ್ತದೆ. ಹಾಗಾಗಿ ಅವರನ್ನು ಕರೆದೊಯ್ಯುವ ಮೇಸ್ತ್ರಿಯ ನಂಬರನ್ನೂ ಬರೆದಿಟ್ಟುಕೊಳ್ಳುತ್ತೇನೆ.