ಕಚ್ಚಿದ ರೂಪಾಯಿ, ತಿರುಗಿದ ಸಿಂಹ: ತಪ್ಪು ನಾಣ್ಯ ಗುರುತಿಸುವುದು ಹೇಗೆ?

ಚಿಲ್ಲರೆ ಎಣಿಸುವಾಗ ಅಂಚು ಕಚ್ಚಿದಂತಿರುವ ರೂಪಾಯಿ ಸಿಕ್ಕಿತು ಅಂದುಕೊಳ್ಳಿ. ಬೆಲೆ ಎಷ್ಟು ಅಂತ ಆಮೇಲೆ ಕೇಳೋಣ. ಇದು ಟಂಕಸಾಲೆಯೊಳಗೆ ಆದ ತಪ್ಪಾ, ಹೊರಗೆ ಬಿದ್ದ ಪೆಟ್ಟಾ? ಮೊದಲು ತಿಳಿಯಬೇಕಾದದ್ದು ಇದು.

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ, ಚಿನ್ನ ತೂಗುವಂಥ ಪುಟ್ಟ ತಕ್ಕಡಿ, ಹೋಲಿಸಲು ಅದೇ ಬಗೆಯ ಸರಿಯಾದ ನಾಣ್ಯ ಇಟ್ಟುಕೊಳ್ಳಿ. ಇಸವಿಯ ಕೆಳಗಿನ ಟಂಕಸಾಲೆ ಗುರುತು ನೋಡಿ. ವಜ್ರಾಕಾರ ಇದ್ದರೆ ಮುಂಬೈ, ನಕ್ಷತ್ರ ಹೈದರಾಬಾದ್, ದುಂಡು ಚುಕ್ಕೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ.

ಈಗ ತೂಗಿ. 2011ರಲ್ಲಿ ಬಂದ ಸರಣಿಯ 1 ರೂಪಾಯಿ 3.79 ಗ್ರಾಂ, 2 ರೂಪಾಯಿ 4.85, 5 ರೂಪಾಯಿ 6 ಗ್ರಾಂ. ತೀರಾ ವ್ಯತ್ಯಾಸ ಬಂದರೆ ಬೇರೆ ನಾಣ್ಯದ ಬಿಲ್ಲೆಗೆ (ಚಿತ್ರ ಒತ್ತುವ ಮೊದಲಿನ ಬರೀ ಲೋಹದ ತುಂಡಿಗೆ) ಅಚ್ಚು ಬಿದ್ದಿರಬಹುದು.

ತಪ್ಪುಗಳಲ್ಲಿ ಮೂರು ಜಾತಿ: ಬಿಲ್ಲೆಯದು, ಅಚ್ಚಿನದು, ಹೊಡೆತದ್ದು (ಅಚ್ಚು ಬಿಲ್ಲೆಗೆ ಬಡಿಯುವಾಗ ಆದದ್ದು).

ಕಚ್ಚಿದ ರೂಪಾಯಿ ಬಿಲ್ಲೆಯ ಜಾತಿಗೆ ಸೇರಿದ್ದು. ಲೋಹದ ಪಟ್ಟಿಯಿಂದ ಬಿಲ್ಲೆ ಕತ್ತರಿಸುವಾಗ ಕೆಲವೊಮ್ಮೆ ಪಟ್ಟಿ ಸರಿಯಾಗಿ ಮುಂದೆ ಜರುಗುವುದಿಲ್ಲ. ಆಗ ಹಿಂದಿನ ತೂತಿನ ಮೇಲೇ ಕತ್ತರಿ ಬಿದ್ದು ಬಾಗಿದ ಕಚ್ಚು ಉಳಿಯುತ್ತದೆ. ಅರದಿಂದ ಉಜ್ಜಿಯೂ ಇದನ್ನು ಮಾಡುವವರಿದ್ದಾರೆ, ಹುಷಾರು. ಕಚ್ಚಿಗೆ ನೇರ ಎದುರಿನ ಅಂಚನ್ನು ದೀಪಕ್ಕೆ ಓರೆಯಾಗಿ ಹಿಡಿದು ನೋಡಿ. ಅಂಚು ಎಬ್ಬಿಸುವ ಯಂತ್ರದಲ್ಲಿ ಈ ಕಡೆ ಲೋಹ ಇಲ್ಲದಿದ್ದರೆ ಆ ಕಡೆಗೂ ಒತ್ತಡ ಸಿಗುವುದಿಲ್ಲ. ಹಾಗಾಗಿ ಅಸಲಿ ಕಚ್ಚಿನಲ್ಲಿ ಎದುರಿನ ಅಂಚು ಎಷ್ಟೋ ಸಲ ಸಪ್ಪೆಯಾಗಿರುತ್ತದೆ. ಆ ಮಸುಕು ಅಂಚು ಕಂಡಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಅಚ್ಚು ಬಿರುಕು ಬಿಟ್ಟರೆ ಲೋಹ ಆ ಬಿರುಕಿಗೆ ತುಂಬಿಕೊಂಡು ನಾಣ್ಯದ ಮೇಲೆ ಗೆರೆ ಉಬ್ಬುತ್ತದೆ. ಉಗುರಾಡಿಸಿ ನೋಡಿ. ತಗ್ಗಾಗಿದ್ದರೆ ಅದು ಹೆಚ್ಚಾಗಿ ಸುಮ್ನೆ ಗೀರು.

ಹೊಡೆತದ ತಪ್ಪುಗಳು ಜಾಸ್ತಿ ಚೆಂದ. ಚಿತ್ರ ಪಕ್ಕಕ್ಕೆ ಸರಿದು ಒಂದು ಕಡೆ ಖಾಲಿ ಉಳಿಯುವುದು ಒಂದು ಬಗೆ. ಅಚ್ಚು ತಿರುಗಿರುವುದು ಇನ್ನೊಂದು. ನಮ್ಮ ನಾಣ್ಯವನ್ನು ಪುಸ್ತಕದ ಹಾಳೆಯಂತೆ ಮಗುಚಿದರೆ ಹಿಂದಿನ ಮುಖವೂ ನೆಟ್ಟಗೇ ಇರಬೇಕು. ಸಿಂಹಗಳು ಓರೆಯಾಗಿ ನಿಂತರೆ ತಪ್ಪು. ಬ್ರಾಕೇಜ್ ಅನ್ನುವುದು ಎಲ್ಲಕ್ಕಿಂತ ಸೊಗಸು. ಹೊಡೆದ ನಾಣ್ಯ ಅಚ್ಚಿಗೇ ಅಂಟಿಕೊಂಡು ಮುಂದಿನ ಬಿಲ್ಲೆಯನ್ನು ಒತ್ತುತ್ತದೆ. ಒಂದು ಕಡೆ ಉಬ್ಬಿದ ಚಿತ್ರ, ಇನ್ನೊಂದು ಕಡೆ ಅದೇ ಚಿತ್ರ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ.

ಎರಡೂ ಕಡೆ ಸಿಂಹ ಉಬ್ಬಿ, ನೆಟ್ಟಗಿದ್ದರೆ ಅನುಮಾನಪಡಿ. ಎರಡು ನಾಣ್ಯ ಕೊರೆದು ಜೋಡಿಸಿದ ಸಣ್ಣ ಗೆರೆ ಅಂಚಿನ ಒಳಬದಿಯಲ್ಲಿ ಸಿಗಬಹುದು.

ಹುಣಸೆಹಣ್ಣು, ಪೇಸ್ಟ್ ಹಾಕಿ ಉಜ್ಜಲೇಬೇಡಿ, ಪ್ಲೀಸ್. ಕಾಗದದ ಪುಟ್ಟ ಲಕೋಟೆಯಲ್ಲಿ ಹಾಕಿ ಇಸವಿ, ಟಂಕಸಾಲೆ, ತೂಕ, ಜಾತಿ ಬರೆದಿಡಿ. ಜಾತಿ ಯಾವುದೆಂದು ಬರೆಯಲಾಗದ ನಾಣ್ಯಗಳಿಗೆ ಬೇರೆಯೇ ಡಬ್ಬಿ ಇರಲಿ.