ಮಳೆ ಮತ್ತು ಮಾರಿಕಣಿವೆ: ಒಂದೇ ಚಿತ್ರದಲ್ಲಿ ತಂದ ಬಗೆ

ಹಿರಿಯೂರಿನ ಮಳೆಯನ್ನು ಬರೀ ಸರಾಸರಿಯ ಕಂಬಗಳಲ್ಲಿ ತೋರಿಸುವುದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದು ವರ್ಷ ಹಳ್ಳ ತುಂಬಿ ಹರಿದರೆ ಇನ್ನೊಂದು ವರ್ಷ ನೆಲ ನೆನೆಯುವಷ್ಟೂ ಬೀಳುವುದಿಲ್ಲ. ಸರಾಸರಿ ಎರಡನ್ನೂ ನುಂಗಿಬಿಡುತ್ತದೆ. ಬಿತ್ತುವವರಿಗೆ ಬೇಕಾದದ್ದು ಆ ಏರಿಳಿತ. ಚಿತ್ರದುರ್ಗದಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನಾನು ವಿದ್ಯಾರ್ಥಿಗಳಿಗಾಗಿ ಇದನ್ನೇ ಎತ್ತಿಕೊಂಡೆ. ತಿಂಗಳಿಗೊಂದು ಬಾಕ್ಸ್ ಪ್ಲಾಟ್ (ಮಳೆಯ ಏರಿಳಿತವನ್ನು ಪೆಟ್ಟಿಗೆಯಾಗಿ ತೋರಿಸುವ ನಕ್ಷೆ), ಅದರ ಮೇಲೆ ಪ್ರತಿ ವರ್ಷಕ್ಕೊಂದು ಚುಕ್ಕೆ, ಈ ವರ್ಷದ ಮಳೆಗೆ ಒಂದು ಗೆರೆ, ಜೊತೆಗೆ ವಾಣಿವಿಲಾಸ ಸಾಗರದ, ಅಂದರೆ ಮಾರಿಕಣಿವೆ ಜಲಾಶಯದ, ನೀರಿನ ಮಟ್ಟ. ಸಾಧನ ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಕ್ಷೆ ಬರೆಯುವ ಮ್ಯಾಟ್‌ಪ್ಲಾಟ್‌ಲಿಬ್.

ಬೇರೆ ಬೇರೆ ಬಗೆಯ ನಕ್ಷೆಗಳನ್ನು ಬೆರೆಸುವಾಗ ಮೊದಲು ನೋಡಬೇಕಾದದ್ದು ಅಡ್ಡ ಅಕ್ಷ. ಬಾಕ್ಸ್ ಪ್ಲಾಟ್ ತಾನಾಗಿಯೇ 1, 2, 3 ಎಂಬ ಸ್ಥಾನಗಳಲ್ಲಿ ಕೂರುತ್ತದೆ. ಪೈಥಾನ್‌ನಲ್ಲೇ ದತ್ತಾಂಶ ನಿಭಾಯಿಸುವ ಪಾಂಡಾಸ್‌ನಿಂದ ಬರೆದ ಕಂಬಗಳು 0ಯಿಂದ ಶುರುವಾಗುತ್ತವೆ. ದಿನಾಂಕ ಕೊಟ್ಟು ಎಳೆದ ಗೆರೆ ಇವೆರಡಕ್ಕೂ ಸಂಬಂಧವಿಲ್ಲದಷ್ಟು ದೂರ ಹೋಗಿ ನಿಲ್ಲುತ್ತದೆ. ಹಾಗಾಗಿ ನಾನು ಎಲ್ಲವನ್ನೂ ತಿಂಗಳ ಸಂಖ್ಯೆಗೆ ಇಳಿಸುತ್ತೇನೆ: ಜನವರಿ 1, ಡಿಸೆಂಬರ್ 12. ಜಲಾಶಯದ ಮಟ್ಟ ದಿನದಿನದ್ದು. ಅಲ್ಲಿ ದಿನವನ್ನು ತಿಂಗಳ ಭಿನ್ನಾಂಶವಾಗಿಸಿ, ತಿಂಗಳ ಸಂಖ್ಯೆಗೆ ಕೂಡಿಸಿ ಅರ್ಧ ಕಳೆಯುತ್ತೇನೆ. ಆಗ ಜೂನ್ ತಿಂಗಳು 5.5ರಿಂದ 6.5ರವರೆಗೆ ಹರಡಿ, ಜೂನ್ ಪೆಟ್ಟಿಗೆಯ ನೇರಕ್ಕೆ ಬರುತ್ತದೆ. ಬಾಕ್ಸ್ ಪ್ಲಾಟ್ ಅಕ್ಷದ ಗುರುತುಗಳನ್ನೂ ತನ್ನಿಷ್ಟದಂತೆ ಬದಲಿಸುತ್ತದೆ. ಅದನ್ನು ತಡೆಯಲು ‘ಮ್ಯಾನೇಜ್ ಟಿಕ್ಸ್’ ಆಯ್ಕೆಯನ್ನು ಆಫ್ ಮಾಡಿ ತಿಂಗಳ ಹೆಸರುಗಳನ್ನು ನಾನೇ ಬರೆಯುತ್ತೇನೆ.

ಪೆಟ್ಟಿಗೆಯೊಳಗೆ ನಡುವಿನ ಅರ್ಧದಷ್ಟು ವರ್ಷಗಳಿರುತ್ತವೆ. ಪೆಟ್ಟಿಗೆಯ ಅಂಚಿನಿಂದ ಅದರ ಎತ್ತರದ ಒಂದೂವರೆ ಪಟ್ಟಿಗಿಂತ ಆಚೆ ಹೋದ ವರ್ಷಗಳನ್ನು ಬಾಕ್ಸ್ ಪ್ಲಾಟ್ ಬಿಡಿ ಚುಕ್ಕೆಗಳಾಗಿ ತೋರಿಸುತ್ತದೆ. ನಾವು ಹೇಗೂ ಎಲ್ಲ ವರ್ಷಗಳ ಚುಕ್ಕೆಗಳನ್ನು ಇಡುವುದರಿಂದ ಆ ಬಿಡಿ ಚುಕ್ಕೆಗಳನ್ನು ಅಡಗಿಸಲೇಬೇಕು. ಇಲ್ಲದಿದ್ದರೆ ಅತಿವೃಷ್ಟಿಯ ವರ್ಷ ಎರಡು ಸಲ ಕಾಣಿಸಿ ನೋಡುವವರ ಲೆಕ್ಕ ತಪ್ಪುತ್ತದೆ. ಚುಕ್ಕೆಗಳು ಒಂದರ ಮೇಲೊಂದು ಬೀಳದಂತೆ ಎಡಬಲಕ್ಕೆ ತುಸು ಚದುರಿಸುತ್ತೇನೆ. ಯಾವುದು ಮೇಲೆ, ಯಾವುದು ಕೆಳಗೆ ಎಂಬುದನ್ನು ‘ಜೆಡ್ ಆರ್ಡರ್’ ನಿರ್ಧರಿಸುತ್ತದೆ: ತಿಳಿಬೂದು ಪೆಟ್ಟಿಗೆ ಅಡಿಯಲ್ಲಿ, ಚುಕ್ಕೆ ನಡುವೆ, ಈ ವರ್ಷದ ಗಾಢ ಗೆರೆ ಎಲ್ಲಕ್ಕಿಂತ ಮೇಲೆ.

ಇನ್ನು ಜಲಾಶಯದ ಮಟ್ಟ. ಮಳೆ ಮಿಲಿಮೀಟರ್‌ನಲ್ಲಿ, ಮಟ್ಟ ಅಡಿಗಳಲ್ಲಿ. ‘ಟ್ವಿನ್ ಎಕ್ಸ್’ ಎಂದು ಬರೆದರೆ ಬಲಗಡೆ ಇನ್ನೊಂದು ಅಕ್ಷ ಸಿಗುತ್ತದೆ, ಬಹಳ ಜನ ಅದನ್ನೇ ಬಳಸುತ್ತಾರೆ. ನಾನು ಇಲ್ಲಿ ಅದನ್ನು ಖಂಡಿತವಾಗಿ ಬೇಡವೆನ್ನುತ್ತೇನೆ. ಬಲ ಅಕ್ಷವನ್ನು 60 ಅಡಿಯಿಂದ ಆರಂಭಿಸಿದರೆ ಒಂದು ಕಥೆ, 110ರಿಂದ ಆರಂಭಿಸಿದರೆ ಇನ್ನೊಂದು ಕಥೆ. ಎರಡು ಗೆರೆಗಳು ಎಲ್ಲಿ ಸಂಧಿಸಬೇಕೆಂಬುದು ಬರೆಯುವವರ ಕೈಯಲ್ಲಿರುತ್ತದೆ. ಹಿರಿಯೂರಿನ ಮಳೆಯಿಂದಲೇ ಮಾರಿಕಣಿವೆ ತುಂಬಿತು ಎಂದು ನೋಡುವವರು ನಂಬಿಬಿಡುತ್ತಾರೆ. ವಾಸ್ತವದಲ್ಲಿ ಜಲಾಶಯವನ್ನು ತುಂಬಿಸುವ ವೇದಾವತಿ ನದಿಗೆ ನೀರು ಬಾಬಾಬುಡನ್‌ಗಿರಿಯ ಕಡೆಯಿಂದ ಇಳಿದು ಬರುತ್ತದೆ, ಈಚಿನ ವರ್ಷಗಳಲ್ಲಿ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರುತ್ತಿದೆ. 1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಇಷ್ಟು ದೊಡ್ಡ ಸಂಗತಿಯನ್ನು ಊರಿನ ಮಳೆಗೆ ಗಂಟು ಹಾಕುವ ಚಿತ್ರ ಜನರಿಗೆ ಮಾಡುವ ಅನ್ಯಾಯ.

ಆದ್ದರಿಂದ ಒಂದೇ ಚಿತ್ರದಲ್ಲಿ ಎರಡು ಅಂತಸ್ತು: ಮೇಲೆ ಮಳೆ, ಕೆಳಗೆ ಮಟ್ಟ, ಎತ್ತರ 2ಕ್ಕೆ 1ರಂತೆ. ‘ಶೇರ್ ಎಕ್ಸ್’ ಕೊಟ್ಟರೆ ಅಡ್ಡ ಅಕ್ಷ ಎರಡಕ್ಕೂ ಒಂದೇ. ಕೆಳಗಿನ ಅಂತಸ್ತಿನಲ್ಲಿ ಪೂರ್ಣ ಮಟ್ಟವಾದ 130 ಅಡಿಗೆ ತುಂಡು ಗೆರೆ ಎಳೆಯುತ್ತೇನೆ. ಕಣ್ಣು ಮೇಲಿಂದ ಕೆಳಕ್ಕೆ ನೇರ ಇಳಿಯುತ್ತದೆ; ಎರಡರ ಸಂಬಂಧವನ್ನು ನೋಡುವವರು ತಾವೇ ತೂಗಿ ನೋಡಬಹುದು.

ಕನ್ನಡದ ಅಕ್ಷರಗಳ ವಿಷಯ ಬೇರೆಯೇ. ಮ್ಯಾಟ್‌ಪ್ಲಾಟ್‌ಲಿಬ್ ಜೊತೆಗೇ ಬರುವ ಫಾಂಟ್‌ನಲ್ಲಿ ಕನ್ನಡವಿಲ್ಲ, ಖಾಲಿ ಚೌಕಗಳು ಬರುತ್ತವೆ. ನೋಟೋ ಸಾನ್ಸ್ ಕನ್ನಡ ಎಂಬ ಫಾಂಟ್ ಹಾಕಿದಾಗ ಅಕ್ಷರಗಳೇನೋ ಬಂದವು, ಆದರೆ ‘ಸೆಪ್ಟೆಂಬರ್’, ‘ಅಕ್ಟೋಬರ್’ಗಳ ಒತ್ತಕ್ಷರ ಕೂಡಿಕೊಳ್ಳಲಿಲ್ಲ. ನಾನು ಕಂಡುಕೊಂಡ ಸರಳ ದಾರಿ ಎಸ್‌ವಿಜಿ, ಅಂದರೆ ಬ್ರೌಸರ್‌ನಲ್ಲಿ ತೆರೆಯುವ ಒಂದು ಬಗೆಯ ಚಿತ್ರದ ಕಡತ: ‘ಫಾಂಟ್ ಟೈಪ್’ ಅನ್ನು ‘ನನ್’ ಎಂದಿಟ್ಟು ಉಳಿಸಿದರೆ ಪಠ್ಯ ಪಠ್ಯವಾಗಿಯೇ ಉಳಿಯುತ್ತದೆ, ಒತ್ತುಗಳನ್ನು ಬ್ರೌಸರ್ ಜೋಡಿಸುತ್ತದೆ. ಫಾಂಟ್ ಆ ಕಂಪ್ಯೂಟರ್‌ನಲ್ಲಿ ಇರಬೇಕಷ್ಟೇ. ಮುದ್ರಣಕ್ಕೆ ಅದೇ ಕಡತವನ್ನು ಬ್ರೌಸರ್‌ನಲ್ಲಿ ತೆರೆದು ಪಿಡಿಎಫ್ ಮಾಡಿಕೊಳ್ಳುತ್ತೇನೆ.